ಗಾಜಿನ ಮನೆಯ ಕಬ್ಬಿಣ, ಮಾಘದ ಹೂವು

ಮಾಘ ಮಾಸ ಮುಗಿಯುವ ಹೊತ್ತಿಗೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿದರೆ ಅದೊಂದು ಭಾಗ್ಯವೆಂದೇ ನಾನು ತಿಳಿದಿದ್ದೇನೆ. ಬೆಳಗಿನ ಚಳಿ ಇನ್ನೂ ಪೂರ್ತಿಯಾಗಿ ಬಿಟ್ಟಿರುವುದಿಲ್ಲ. ಹತ್ತು ಗಂಟೆಯಾಗುವಷ್ಟರಲ್ಲಿ ಬಿಸಿಲು ಬೆನ್ನು ಸುಡತೊಡಗುತ್ತದೆ. ಗದ್ದೆ ಬಯಲಿನ ಅಂಚಿನಲ್ಲಿ ಎಲ್ಲಿಯಾದರೂ ಒಂದು ಮುತ್ತುಗದ ಮರ ಎಲೆಯನ್ನೆಲ್ಲ ಉದುರಿಸಿಕೊಂಡು ಕೆಂಡದ ಬಣ್ಣದ ಹೂವನ್ನು ಹೊತ್ತು ನಿಂತಿರುತ್ತದೆ. ಬೂರುಗದ ಮರದ ಕೆಳಗೆ ದಪ್ಪ ದಳದ ಕೆಂಪು ಹೂಗಳು ಬಿದ್ದಿರುತ್ತವೆ. ಮಾವು ಹೂಬಿಟ್ಟ ವಾಸನೆ ಗಾಳಿಯಲ್ಲಿ ತೇಲಿ ಬರುತ್ತದೆ. ಊರು ಹತ್ತಿರವಾದಂತೆ ಕಚೇರಿಗಳ ಆವರಣಗಳಲ್ಲಿಯೂ ರಸ್ತೆಯ ಬದಿಯಲ್ಲಿಯೂ ನಸುಗೆಂಪಿನ ಟಬೂಬಿಯಾ, ಅದು ಮುಗಿಯುವಷ್ಟರಲ್ಲಿ ಹಳದಿಯ ಟಬೂಬಿಯಾ. ಶಿಶಿರವೆಂದರೆ ಎಲೆ ಉದುರುವ ಕಾಲವೆಂದು ನಾವು ತರಗತಿಯಲ್ಲಿ ಪಾಠ ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ.

ಅರ್ಧ ನಿಜವನ್ನು ಪಾಠ ಹೇಳಿದ ಪ್ರಸಂಗವೊಂದು ಈಚೆಗೆ ನನ್ನ ಮನಸ್ಸನ್ನು ಕಾಡತೊಡಗಿದೆ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಚಿತ್ರವನ್ನು ನನಗೆ ಕಳುಹಿಸಿ, "ಸರ್, ನಾವೆಲ್ಲ ನಿಮ್ಮ ಜೊತೆ ಇಲ್ಲಿಗೆ ಬಂದಿದ್ದೆವು, ನೆನಪಿದೆಯೇ?" ಎಂದು ಕೇಳಿದ್ದಾರೆ. ನೆನಪಿಲ್ಲದೆ ಏನು! 1981ರ ಜನವರಿ. ಬಾಡಿಗೆ ಬಸ್ಸು, ಮನೆಯಿಂದ ಕಟ್ಟಿಸಿಕೊಂಡು ಬಂದ ಚಿತ್ರಾನ್ನದ ಪೊಟ್ಟಣಗಳು, ದಾರಿಯುದ್ದಕ್ಕೂ ಹಾಡು, ಅರಸೀಕೆರೆ ದಾಟುವ ಮೊದಲೇ ಇಬ್ಬರಿಗೆ ವಾಂತಿ. ಲಾಲ್‌ಬಾಗ್ ತಲುಪಿದಾಗ ಮಧ್ಯಾಹ್ನವಾಗಿತ್ತು. ಗಾಜಿನ ಮನೆಯೊಳಗೆ ಕುಂಡಗಳ ಸಾಲು ಸಾಲು. ಪೆಟೂನಿಯ, ಫ್ಲಾಕ್ಸ್, ಸಾಲ್ವಿಯ, ಡಯಾಂಥಸ್, ಚೆಂಡುಹೂ. ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು. ನಾನು ಕಂಬವೊಂದನ್ನು ಕೈಯಲ್ಲಿ ತಟ್ಟಿ, ಈ ಮನೆಯ ಚರಿತ್ರೆಯನ್ನು ಹೇಳಲು ಪ್ರಾರಂಭಿಸಿದೆ.

ಆಗ ಒಬ್ಬ ಹುಡುಗ, ಒಂಬತ್ತನೆಯ ತರಗತಿಯವನು, ಸಾಮಾನ್ಯವಾಗಿ ಬಾಯಿ ಬಿಡದವನು, "ಸಾರ್, ಇದ್ರ ಕಬ್ಣ ನಮ್ಮ ಪ್ಯಾಕ್ಟ್ರಿದಂತೆ ಸಾರ್. ನಮ್ಮಜ್ಜ ಹೇಳ್ತಿದ್ರು" ಎಂದ. ಅವನ ಅಜ್ಜ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು, ತಂದೆಯೂ ಅಲ್ಲಿಯೇ. ನಾನು ನಕ್ಕು, "ಇಲ್ಲಪ್ಪ, ಇದು ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದ ಕಬ್ಬಿಣ. ಆಗ ನಿಮ್ಮ ಪ್ಯಾಕ್ಟರಿ ಹುಟ್ಟಿಯೇ ಇರಲಿಲ್ಲ" ಎಂದೆ. ಉಳಿದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವನು ತಲೆ ತಗ್ಗಿಸಿದ. ಹಿಂದಿರುಗುವಾಗ ಬಸ್ಸಿನ ಕೊನೆಯ ಸೀಟಿನಲ್ಲಿ ಒಬ್ಬನೇ ಕುಳಿತಿದ್ದನೆಂದು ನನಗೆ ಚೆನ್ನಾಗಿ ನೆನಪಿದೆ.

ನಾನು ಹೇಳಿದ್ದು ತಪ್ಪೇನಲ್ಲ. ಅವನ ಅಜ್ಜ ಹೇಳಿದ್ದೂ ತಪ್ಪಲ್ಲ. ನಿವೃತ್ತನಾದ ಮೇಲೆ ಬಿಡುವಾಗಿ ಲಾಲ್‌ಬಾಗಿನ ಚರಿತ್ರೆಯನ್ನು ಓದುವಾಗ ಇದು ನನಗೆ ತಿಳಿಯಿತು. ಆ ಪಾಠವನ್ನು ಈಗಲಾದರೂ ಪೂರ್ತಿ ಮಾಡಬೇಕು.

ಮೊದಲು ನನ್ನ ಅರ್ಧ. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಟಿಪ್ಪುವಿನ ಕಾಲದಲ್ಲಿ ಬೆಳೆದು, ಮುಂದೆ ಹಲವರ ಕೈ ದಾಟಿ, 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಜಾನ್ ಕ್ಯಾಮೆರಾನ್ ಎಂಬವರು ಅದರ ಮೇಲ್ವಿಚಾರಕರಾಗಿ ಬಂದರು. (ನಮ್ಮ ಅಡುಗೆಮನೆಗಳಲ್ಲಿ ಇಂದು ಸಾಂಬಾರಿಗೆ ಬೀಳುವ ಸೀಮೆಬದನೆಯನ್ನು ಬೆಂಗಳೂರಿಗೆ ತಂದ ಕೀರ್ತಿಯೂ ಇವರದೇ. ಅದನ್ನು ಇಷ್ಟಪಡದವರು ಯಾರನ್ನು ದೂರಬೇಕೆಂಬುದು ಈಗ ತಿಳಿಯಿತಲ್ಲವೆ?) ಹೊರದೇಶದ ಗಿಡಗಳನ್ನು ಇಲ್ಲಿನ ಹವೆಗೆ ಒಗ್ಗಿಸಲು, ಹೂವಿನ ಪ್ರದರ್ಶನಗಳನ್ನು ನಡೆಸಲು ಒಂದು ಗಾಜಿನ ಮನೆ ಬೇಕೆಂಬುದು ಅವರ ಕಾಲದ ಆಸೆ. ಚಾಮರಾಜೇಂದ್ರ ಒಡೆಯರು ಮಹಾರಾಜರಾಗಿಯೂ ಶೇಷಾದ್ರಿ ಅಯ್ಯರ್ ದಿವಾನರಾಗಿಯೂ ಇದ್ದ ದಿನಗಳವು. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲನ್ನಿಟ್ಟನು. ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನ್ ಅವರ ಸಾರಸೆನ್ ಫೌಂಡ್ರಿಯಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬ ಕಮಾನುಗಳು ಸಮುದ್ರ ದಾಟಿ ಬಂದು ಇಲ್ಲಿ ಜೋಡಣೆಯಾದವು.

ಇದರ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. 1851ರ ಮಹಾ ಪ್ರದರ್ಶನಕ್ಕಾಗಿ ಹೈಡ್ ಪಾರ್ಕಿನಲ್ಲಿ ಅದನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ಒಬ್ಬ ತೋಟಗಾರ. ಅಮೆಜಾನ್ ಪ್ರದೇಶದಿಂದ ತಂದ ದೈತ್ಯ ನೈದಿಲೆಯನ್ನು ಆತ ಚಾಟ್ಸ್‌ವರ್ತಿನ ತೋಟದ ಬಿಸಿನೀರಿನ ಕೊಳದಲ್ಲಿ ಬೆಳೆಸಿ 1849ರ ನವೆಂಬರ್ ತಿಂಗಳಲ್ಲಿ, ಇಂಗ್ಲೆಂಡಿನ ಚಳಿಯಲ್ಲಿ, ಹೂ ಬಿಡಿಸಿದ್ದನು. ಆ ಹೂವಿಗೆ ವಿಕ್ಟೋರಿಯಾ ರಾಣಿಯ ಹೆಸರು. ಅದರ ಎಲೆಯ ಅಡಿಭಾಗದ ನರಗಳ ಹೆಣಿಗೆಯೇ ತನ್ನ ಗಾಜಿನ ಕಟ್ಟಡಗಳಿಗೆ ಪ್ರೇರಣೆಯೆಂದು ಪ್ಯಾಕ್ಸ್‌ಟನ್ ಹೇಳಿಕೊಂಡನು. 1845ರಲ್ಲಿ ಇಂಗ್ಲೆಂಡಿನ ಸರಕಾರ ಗಾಜಿನ ಮೇಲಿನ ತೆರಿಗೆಯನ್ನು ತೆಗೆದುಹಾಕಿ ಗಾಜು ಅಗ್ಗವಾಗಿದ್ದುದೂ ಇಂತಹ ಕಟ್ಟಡಗಳಿಗೆ ಅನುಕೂಲವಾಯಿತು. ರಾಣಿಯ ಹೆಸರಿನ ಹೂವಿನಿಂದ ಹುಟ್ಟಿದ ಕಟ್ಟಡದ ಮಾದರಿಗೆ ನಾಲ್ಕು ದಶಕಗಳ ತರುವಾಯ ಬೆಂಗಳೂರಿನಲ್ಲಿ ಅದೇ ರಾಣಿಯ ಮೊಮ್ಮಗ ಅಡಿಗಲ್ಲನ್ನಿಟ್ಟದ್ದು ಒಂದು ಸೋಜಿಗ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ಗಾಜಿನ ಮನೆಯ ಕೆಲಸ ಚಳಿಯನ್ನು ಹೊರಗಿಡುವುದು. ಗಾಜಿನ ಮೂಲಕ ಒಳಬಂದ ಬಿಸಿಲು ನೆಲವನ್ನೂ ಗಿಡಗಳನ್ನೂ ಕಾಯಿಸುತ್ತದೆ. ಕಾದ ಗಾಳಿ ಮೇಲೇರಿ ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ. ಸಾಲದಿದ್ದರೆ ಕೊಳವೆಗಳಲ್ಲಿ ಬಿಸಿನೀರು ಹರಿಸುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, ಮಂಜು ಹೆಪ್ಪುಗಟ್ಟದ ಊರಿನಲ್ಲಿ, ಇದರ ಅಗತ್ಯವೇನು? ಆದ್ದರಿಂದಲೇ ನಮ್ಮ ಗಾಜಿನ ಮನೆಯ ಪಕ್ಕಗಳು ತೆರೆದೇ ಇವೆ. ಗಾಳಿ ಆಡುತ್ತದೆ. ಹೆಸರಿಗೆ ಗಾಜಿನ ಮನೆ; ಕೆಲಸದಲ್ಲಿ ಬೆಳಕು ಬೀಳುವ ದೊಡ್ಡ ಚಪ್ಪರ. ನಮ್ಮ ಮಲೆನಾಡಿನ ಕಡೆ ಈಚಿನ ವರ್ಷಗಳಲ್ಲಿ ಆಂಥೂರಿಯಂ ಬೆಳೆಯುವವರು ಹಾಕುವ ಹಸಿರು ನೆರಳು ಪರದೆಯ ಮನೆಯಂತೂ ಇನ್ನೂ ಬೇರೆ. ಅದು ಬಿಸಿಲನ್ನೇ ಹೊರಗಿಡುತ್ತದೆ. ಮೂರನ್ನೂ ನಾವು ಒಂದೇ ಹೆಸರಿನಿಂದ ಹಸಿರುಮನೆ ಎನ್ನುತ್ತೇವೆ.

ಇನ್ನು ಒಳಗಿನ ಹೂವುಗಳು. ಜನವರಿಯ ಕೊನೆಯ ವಾರಕ್ಕೆ ಅರಳಬೇಕಾದ ಪೆಟೂನಿಯವನ್ನು ಅಕ್ಟೋಬರಿನಲ್ಲಿಯೇ ಬಿತ್ತಬೇಕು. ಬೀಜ ಗಸಗಸೆಗಿಂತಲೂ ಸಣ್ಣದು. ನುಣುಪಾದ ಮರಳಿನಲ್ಲಿ ಬೆರೆಸಿ ಚೆಲ್ಲದಿದ್ದರೆ ಒಂದೇ ಕಡೆ ಗುಂಪಾಗಿ ಬಿದ್ದು ಕೊಳೆತುಹೋಗುತ್ತದೆ. ಮೊಳೆತ ಸಸಿಯನ್ನು ಒಂದೊಂದಾಗಿ ಬಿಡಿಸಿ ನೆಟ್ಟು, ತುದಿ ಚಿವುಟಿ, ಕವಲೊಡೆಸಿ, ಮೊದಲ ಮೊಗ್ಗನ್ನು ಕಿತ್ತೆಸೆದು, ಹಬ್ಬದ ದಿನಕ್ಕೆ ಸರಿಯಾಗಿ ಹೂವು ಬರಿಸುವುದು ಲೆಕ್ಕಾಚಾರದ ಕೆಲಸ. ನಾನೂ ನಮ್ಮ ಶಾಲೆಯ ತೋಟದಲ್ಲಿ ಇದನ್ನು ಮಾಡಿಸಲು ಹೋಗಿ ಎರಡು ವರ್ಷ ಸೋತು, ಮೂರನೆಯ ವರ್ಷ ಗೆದ್ದು, ನಾಲ್ಕನೆಯ ವರ್ಷ ಪಕ್ಕದ ಮನೆಯ ಮೇಕೆಗೆ ಸೋತೆ. ಪೆಟೂನಿಯ ದಕ್ಷಿಣ ಅಮೆರಿಕದ್ದು. ಸಾಲ್ವಿಯ ಬ್ರೆಜಿಲಿನದು. ಫ್ಲಾಕ್ಸ್ ಟೆಕ್ಸಾಸಿನದು. ನಾವು ದೇವರ ತಲೆಯ ಮೇಲಿಡುವ ಚೆಂಡುಹೂವು, ಮಲೆನಾಡಿನ ಗೃಹಿಣಿಯರು ಮಳೆಗಾಲದಲ್ಲಿ ಒಬ್ಬರ ಮನೆಯಿಂದೊಬ್ಬರ ಮನೆಗೆ ಗೆಡ್ಡೆ ಸಾಗಿಸಿ ಬೆಳೆಸುವ ಡೇರೆ, ಇವೆರಡೂ ಮೆಕ್ಸಿಕೋ ಮೂಲದವು.

ಈ ಹೊರದೇಶದ ಹೂವುಗಳನ್ನು ನಮ್ಮ ಬೀದಿಗಳಿಗೂ ತಂದವರಲ್ಲಿ ಮುಖ್ಯರು ಕ್ಯಾಮೆರಾನರ ನಂತರ ಲಾಲ್‌ಬಾಗಿಗೆ ಬಂದ ಜರ್ಮನಿಯ ಜಿ. ಎಚ್. ಕ್ರುಂಬಿಗಲ್. ಡ್ರೆಸ್ಡನ್ ಸಮೀಪ ಹುಟ್ಟಿ, ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡ ಸಂಸ್ಥಾನದಲ್ಲಿದ್ದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. ವರ್ಷದ ಯಾವ ತಿಂಗಳಿನಲ್ಲಿ ನೋಡಿದರೂ ಬೀದಿಯಲ್ಲಿ ಒಂದಲ್ಲ ಒಂದು ಜಾತಿಯ ಮರ ಹೂಬಿಟ್ಟಿರಬೇಕು ಎಂಬುದು ಅವರ ಯೋಜನೆಯಾಗಿತ್ತು. ಒಂದು ಮುಗಿಯುವಾಗ ಇನ್ನೊಂದು. ಎಲೆ ಉದುರಿಸಿ ಬೋಳಾಗುವ ಶಿಶಿರವನ್ನು ಹೂವಿನಿಂದ ತುಂಬುವುದು ಇದರ ಒಂದು ಭಾಗ. ನಮ್ಮ ಮುತ್ತುಗ, ಬೂರುಗಗಳು ಸಹಸ್ರಾರು ವರ್ಷಗಳಿಂದ ಮಾಡುತ್ತ ಬಂದಿರುವುದೂ ಅದೇ ಅಲ್ಲವೇ? ಎಲೆಯ ಮರೆಯಿಲ್ಲದಿದ್ದರೆ ಹೂವು ದೂರದ ಹಕ್ಕಿಗೂ ಕಾಣುತ್ತದೆ. ಮೈನಾ, ಸೂರಕ್ಕಿಗಳು ಮಕರಂದಕ್ಕಾಗಿ ಬಂದು ಪರಾಗವನ್ನು ಸಾಗಿಸುತ್ತವೆ. ಮಳೆ ಬೀಳುವುದರೊಳಗೆ ಬೀಜ ಸಿದ್ಧವಾಗುತ್ತದೆ. ಅಮೆರಿಕದ ಉಷ್ಣ ಪ್ರದೇಶದ ಟಬೂಬಿಯಾ ಕೂಡ ಬೇಸಿಗೆ ಮಳೆಗಳ ಇಂತಹದೇ ಲೆಕ್ಕ ಕಲಿತ ಮರವಾದ್ದರಿಂದ ಇಲ್ಲಿ ಒಗ್ಗಿಕೊಂಡಿತು.

1932ರಲ್ಲಿ ಕ್ರುಂಬಿಗಲ್ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರು ಕ್ಯೂ ತೋಟದಲ್ಲಿ ತರಬೇತಿ ಪಡೆದಿದ್ದ ಎಚ್. ಸಿ. ಜವರಾಯ. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಊರೆಂದರೆ ಹೂದೋಟವಿರಬೇಕೆಂದು ನಂಬಿದ್ದವರು. ಪ್ರದರ್ಶನಗಳಿಗೆ ಜನ ಹೆಚ್ಚಿದರು, ಗಾಜಿನ ಮನೆ ಸಾಲದಾಯಿತು. 1935ರಲ್ಲಿ ಜವರಾಯರು ಅದರ ಪೂರ್ವದ ಭಾಗವನ್ನು ವಿಸ್ತರಿಸಿದರು. ಈ ಸಲ ಕಬ್ಬಿಣಕ್ಕಾಗಿ ಗ್ಲಾಸ್ಗೋಗೆ ಬರೆಯಲಿಲ್ಲ. ವಿಸ್ತರಣೆಯಾದದ್ದು ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯ ನೆರವಿನಿಂದ.

ಆ ಹುಡುಗನ ಅಜ್ಜ ಹೇಳುತ್ತಿದ್ದುದು ಇದನ್ನೇ.

ನಮ್ಮ ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕುಲುಮೆ ಬರುವ ಎಷ್ಟೋ ಕಾಲ ಮೊದಲೇ ಆ ಹೆಸರಿತ್ತೆಂಬುದು ಮಕ್ಕಳಿಗೆ ಬಹಳ ಮೆಚ್ಚುಗೆಯಾಗುತ್ತಿದ್ದ ವಿಷಯ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ, ಭದ್ರಾ ನದಿ, 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದ ರೈಲು, ಇಷ್ಟೇ ಇದ್ದ ಊರಿಗೆ 1923ರ ಜನವರಿಯಲ್ಲಿ ಊದುಕುಲುಮೆ ಉರಿಯತೊಡಗಿತು. ವಿಶ್ವೇಶ್ವರಯ್ಯನವರ ಕನಸಿನ ಕಾರ್ಖಾನೆ. ನಷ್ಟದಲ್ಲಿ ಮುಳುಗುತ್ತಿದ್ದ ಅದನ್ನು ಆ ವರ್ಷದಿಂದ 1929ರವರೆಗೆ ಅಧ್ಯಕ್ಷರಾಗಿ ಅವರೇ ಮೇಲೆತ್ತಿದರು. ನಮ್ಮಲ್ಲಿ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ಆದ್ದರಿಂದ ಕುಲುಮೆಗೆ ಹಾಕಿದ್ದು ಮರದ ಇದ್ದಿಲು.

ಅದಿರು ಬರುತ್ತಿದ್ದುದು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ, ಬೆಟ್ಟ ಇಳಿಯುವ ತಂತಿಹಾದಿಯ ತೊಟ್ಟಿಲುಗಳಲ್ಲಿ. ಇದ್ದಿಲಿನ ಮರ ಬರುತ್ತಿದ್ದುದು ಸುತ್ತಲಿನ ಕಾಡುಗಳಿಂದ. ಕಾಡಿನೊಳಗೆ ಟ್ರಾಂ ಹಳಿಗಳನ್ನು ಹಾಸಿ, ಕಡಿದ ದಿಮ್ಮಿಗಳನ್ನು ಕಾರ್ಖಾನೆಗೆ ಸಾಗಿಸುತ್ತಿದ್ದರು. ಅಲ್ಲಿ ಮುಚ್ಚಿದ ಉಕ್ಕಿನ ಕೋಣೆಗಳಲ್ಲಿ ಗಾಳಿ ತಾಗದಂತೆ ಮರವನ್ನು ಬೇಯಿಸಿದರೆ ಇದ್ದಿಲು ಉಳಿಯುತ್ತದೆ; ಹೊರಟ ಆವಿಯನ್ನು ತಣಿಸಿದರೆ ಮರದ ಮದ್ಯಸಾರ, ಅಸಿಟಿಕ್ ಆಮ್ಲ, ಟಾರು ಸಿಗುತ್ತವೆ. ಕುಲುಮೆಯಲ್ಲಿ ಇದ್ದಿಲು ಅದಿರಿನೊಳಗಿನ ಆಮ್ಲಜನಕವನ್ನು ಸೆಳೆದುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಇದ್ದಿಲಿನಲ್ಲಿ ಗಂಧಕ ತೀರ ಕಡಿಮೆಯಾದ್ದರಿಂದ ಆ ಕಬ್ಬಿಣಕ್ಕೆ ಒಳ್ಳೆಯ ಹೆಸರಿತ್ತು. 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಬಂದಾಗಲೂ ಇದ್ದಿಲಿನ ಅಗತ್ಯ ಪೂರ್ತಿಯಾಗಿ ತಪ್ಪಲಿಲ್ಲ. ಅದಿರಿನಿಂದ ಕಬ್ಬಿಣವನ್ನು ಬಿಡಿಸಲು ವಿದ್ಯುತ್ತಿನ ಶಾಖವೊಂದೇ ಸಾಲದು.

ಇದನ್ನು ಬರೆಯುವಾಗ ನನ್ನ ಲೇಖನಿ ಒಂದು ಕ್ಷಣ ನಿಲ್ಲುತ್ತದೆ. 1935ರಲ್ಲಿ ಬೆಂಗಳೂರಿನ ಕುಂಡದ ಹೂವುಗಳಿಗೆ ಚಪ್ಪರ ಹಾಕಲು ನೆರವಾದ ಈ ಕಾರ್ಖಾನೆಯ ಕುಲುಮೆಯಲ್ಲಿ ಉರಿದದ್ದು ಮಲೆನಾಡಿನ ಕಾಡು. ಮಾಘದಲ್ಲಿ ಎಲೆ ಉದುರಿಸಿ ತಮ್ಮ ಪಾಡಿಗೆ ಹೂ ಬಿಡುತ್ತಿದ್ದ ಎಷ್ಟು ಮರಗಳು ಆ ಟ್ರಾಂ ಗಾಡಿಗಳಲ್ಲಿ ಹೋದವೋ! ಕಾರ್ಖಾನೆಯನ್ನು ನಾನು ದೂರುತ್ತಿಲ್ಲ. ನಿಮ್ಮಲ್ಲಿ ಹೆಚ್ಚಿನವರ ಮನೆಯ ಒಲೆ ಉರಿದದ್ದು ಅದರಿಂದ. ನಾನು ಪಾಠ ಹೇಳಿದ ಮಕ್ಕಳ ಚೀಲ, ಚಪ್ಪಲಿ, ಪ್ರವಾಸದ ಹಣ ಎಲ್ಲವೂ ಅದರಿಂದ ಬಂದವು. ಆದರೆ ಲಾಲ್‌ಬಾಗಿನ ಪ್ರದರ್ಶನವನ್ನು ನೋಡಿ ಮನುಷ್ಯ ಹೂವನ್ನು ಎಷ್ಟು ಪ್ರೀತಿಸುತ್ತಾನೆ ಎಂದು ಅಂದು ಮಕ್ಕಳಿಗೆ ಹೇಳಿದವನು ನಾನು. ಆ ಮಾತೂ ಅರ್ಧವೇ ಆಗಿತ್ತು.

ಕೆಮ್ಮಣ್ಣುಗುಂಡಿಯ ಕಥೆ ಇನ್ನೂ ವಿಚಿತ್ರ. ಹೆಸರೇ ಹೇಳುವಂತೆ ಕೆಂಪು ಮಣ್ಣಿನ ಗುಂಡಿ. ಸುಮಾರು 1,400 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯ ವಿಶ್ರಾಂತಿಗೆ ಬರುತ್ತಿದ್ದರು. ಮುಂದೆ ಅದು ತೋಟಗಾರಿಕೆ ಇಲಾಖೆಯ ಕೈಗೆ ಬಂದು ಗುಲಾಬಿ ತೋಟವಾಯಿತು, ಗಿರಿಧಾಮವಾಯಿತು. ಬೆಟ್ಟದ ಒಂದು ಮೈಯನ್ನು ಅದಿರಿಗಾಗಿ ಅಗೆಯುತ್ತಿದ್ದಾಗ ಇನ್ನೊಂದು ಮೈಯಲ್ಲಿ ಹೂವಿನ ಪಾತಿಗಳನ್ನು ಮಾಡುತ್ತಿದ್ದರು. ಇಂದು ಅಲ್ಲಿ ಗಣಿಗಾರಿಕೆಯಿಲ್ಲ, ಹೂದೋಟ ಇದೆ. ನಿಮ್ಮಲ್ಲಿ ಹಲವರು ಸಂಸಾರ ಸಮೇತ ಅಲ್ಲಿಗೆ ಹೋಗಿ ಛಾಯಾಚಿತ್ರ ತೆಗೆಸಿಕೊಂಡಿದ್ದೀರಿ. ಆ ಚಿತ್ರಗಳು ನನಗೂ ಬಂದಿವೆ.

ಹೂವಿನ ಹುಚ್ಚು ಕಾರ್ಖಾನೆಯವರಿಗೂ ಇತ್ತು. ನ್ಯೂ ಟೌನ್, ಪೇಪರ್ ಟೌನ್‌ಗಳ ಕ್ವಾರ್ಟರ್ಸುಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಲು ಮನೆಗಳ ಮುಂದೆ ಒಂದೊಂದು ಅಂಗೈಯಗಲದ ತೋಟ. ಬೇಲಿಗೆ ಬೋಗನ್‌ವಿಲಿಯ, ಬಾಗಿಲ ಬಳಿ ದಾಸವಾಳ, ಹಳೆಯ ಟಾರಿನ ಡಬ್ಬಿಗಳಲ್ಲಿ ಸೇವಂತಿಗೆ. ಕುಲುಮೆಯ ಮುಂದೆ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗುವ ಮೊದಲು ಗಿಡಕ್ಕೆ ನೀರು ಹಾಕುತ್ತಿದ್ದುದನ್ನು ನಾನು ಶಾಲೆಗೆ ಹೋಗುವ ದಾರಿಯಲ್ಲಿ ಪ್ರತಿದಿನ ನೋಡುತ್ತಿದ್ದೆ. ಆ ಹುಡುಗನ ಮನೆಯ ಮುಂದೆಯೂ ಅಂತಹ ಡಬ್ಬಿಗಳಿದ್ದವು. ಅವನ ಅಜ್ಜ ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಮಸ್ಕಾರ ಹೇಳಿದರೆ "ಬನ್ನಿ ಮೇಷ್ಟ್ರೇ, ಕಾಫಿ ಕುಡ್ಕೊಂಡ್ ಹೋಗಿ" ಎನ್ನುತ್ತಿದ್ದರು. ಒಂದು ದಿನವಾದರೂ ಕುಳಿತು ಅವರ ಮಾತನ್ನು ಕೇಳಿದ್ದರೆ ಪುಸ್ತಕ ಹುಡುಕುವ ಶ್ರಮವೇ ಇರಲಿಲ್ಲ. ನಾನು ಯಾವಾಗಲೂ ಗಂಟೆ ಹೊಡೆಯುತ್ತದೆಂದು ಓಡುತ್ತಿದ್ದೆ.

ಕಾಗದದ ಕಾರ್ಖಾನೆ ನಿಂತು ವರ್ಷಗಳೇ ಆದವು. ಕಬ್ಬಿಣದ ಕಾರ್ಖಾನೆ 1989ರಲ್ಲಿ ಉಕ್ಕು ಪ್ರಾಧಿಕಾರದ ಆಡಳಿತಕ್ಕೆ ಬಂತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಿನಲ್ಲಿ, ಅದನ್ನು ಮುಚ್ಚುವ ತೀರ್ಮಾನವನ್ನು ಪ್ರಕಟಿಸಲಾಯಿತು. ಕಾರ್ಮಿಕರು ಹೋರಾಟಕ್ಕೆ ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿದಾಗ ಊರಿನವರ ಮುಖದಲ್ಲಿ ಕಂಡ ಕಳೆಯನ್ನು ನಾನು ಮರೆಯಲಾರೆ. ಕಳೆದ ಶಿವರಾತ್ರಿಯ ಹಿಂದುಮುಂದು ಹಳೆಯ ಕ್ವಾರ್ಟರ್ಸುಗಳ ಕಡೆ ನಡೆದು ಹೋಗಿದ್ದೆ. ಬಾಗಿಲು ಕಿತ್ತುಹೋದ ಮನೆಗಳ ಮುಂದೆ ಬೋಗನ್‌ವಿಲಿಯ ಮಾತ್ರ ಛಾವಣಿಯ ಮೇಲೆ ಹತ್ತಿ ಯಾರ ಆರೈಕೆಯೂ ಇಲ್ಲದೆ ಹೂಬಿಟ್ಟಿತ್ತು. ಅದಕ್ಕೆ ನೀರು ಕಡಿಮೆಯಾದಷ್ಟೂ ಹೂವು ಹೆಚ್ಚು. ತೋಟ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ.

ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಈಗ ಇಲ್ಲ. ಹೈಡ್ ಪಾರ್ಕಿನಿಂದ ಸಿಡನ್‌ಹ್ಯಾಮಿಗೆ ಎತ್ತಿ ಕಟ್ಟಿದ್ದ ಅದು 1936ರ ನವೆಂಬರ್ 30ರ ರಾತ್ರಿ ಬೆಂಕಿಗೆ ಆಹುತಿಯಾಯಿತು. ನಮ್ಮ ಗಾಜಿನ ಮನೆಗೆ ಅಡಿಗಲ್ಲು ಬಿದ್ದ ತಾರೀಖೂ ಅದೇ. ಮೂಲ ಸುಟ್ಟುಹೋಯಿತು, ಪಡಿಯಚ್ಚು ಉಳಿದಿದೆ, ಅದಕ್ಕೆ ಬೆಂಕಿಪುರದ ನೆರವಿನಿಂದ ಕಟ್ಟಿದ ಭಾಗವೂ ಸೇರಿದೆ.

ಆ ಹುಡುಗ ಈಗ ಅರವತ್ತರ ಹತ್ತಿರದವನಿರಬೇಕು. ಎಸ್‌ಎಸ್‌ಎಲ್‌ಸಿ ಮುಗಿಸಿ ಮುಂಬಯಿ ಕಡೆಗೆ ಹೋದನೆಂದು ಕೇಳಿದ್ದೆ, ನಂತರ ಸುದ್ದಿಯಿಲ್ಲ. 1981ರ ಆ ಬಸ್ಸಿನಲ್ಲಿದ್ದವರು ನಿಮ್ಮಲ್ಲಿ ಹಲವರಿದ್ದೀರಿ, ಅಂದು ನಕ್ಕವರೂ ಇದ್ದೀರಿ. ಅವನ ವಿಳಾಸ ಬಲ್ಲವರು ಈ ಬರಹವನ್ನು ದಯವಿಟ್ಟು ಅವನಿಗೆ ತಲುಪಿಸಿ. ಮೇಷ್ಟ್ರು ಹೇಳಿದರೆಂದು ಹೇಳಿ: ಗಾಜಿನ ಮನೆಯ ಪೂರ್ವದ ಭಾಗ, 1935, ಭದ್ರಾವತಿ. ನಿಮ್ಮಜ್ಜ ಹೇಳಿದ್ದು ಸರಿ.